ಕೆಂಪು ಚೌಕ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2012ರಲ್ಲಿ ವಿಶ್ವವಿದ್ಯಾಲಯಗಳ ಶುಲ್ಕ ಏರಿಕೆಯ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಾಗ ಎದೆಯ ಮೇಲೆ ಧರಿಸಿದ್ದು ಚೌಕಾಕಾರದ ಒಂದು ತುಂಡು ಕೆಂಪು ಬಟ್ಟೆ, ಒಂದು ಸೇಫ್ಟಿ ಪಿನ್. ಅಷ್ಟೇ. ಘೋಷಣೆಯಿಲ್ಲ, ಅಕ್ಷರವಿಲ್ಲ, ಮುಖಂಡರ ಚಿತ್ರವಿಲ್ಲ. ಚಳವಳಿಗಳ ಬ್ಯಾಡ್ಜುಗಳಲ್ಲಿ ಇಷ್ಟು ಜಾಣತನದ್ದು ಇನ್ನೊಂದಿಲ್ಲವೆಂದೇ ನನ್ನ ಭಾವನೆ.

ಜಾಣತನವೆಲ್ಲ ಆ ಬಟ್ಟೆಯಲ್ಲಿದೆ. ಅದು ಫೆಲ್ಟ್. ನೇಯ್ದದ್ದಲ್ಲ, ಎಳೆಗಳು ಒಂದಕ್ಕೊಂದು ತೊಡರಿಕೊಳ್ಳುವಂತೆ ಒತ್ತಿ ಮಾಡಿದ್ದು. ಹಾಸುಹೊಕ್ಕು ಇಲ್ಲದ್ದರಿಂದ ಕತ್ತರಿ ಯಾವ ಕಡೆಯಿಂದ ಹಾಯ್ದರೂ ಅಂಚಿನಲ್ಲಿ ನೂಲು ಬಿಚ್ಚಿಕೊಳ್ಳುವುದಿಲ್ಲ, ಮಡಚಿ ಹೊಲಿಯುವ ಗೋಜೇ ಇಲ್ಲ. ಕತ್ತರಿ ಹಿಡಿಯಲು ಬರುವ ಯಾರು ಬೇಕಾದರೂ ಮನೆಯಲ್ಲೇ ಕೂತು ರಾಶಿ ರಾಶಿ ಮಾಡಬಹುದು. ಕೈಕೆಲಸವಾದ್ದರಿಂದ ಒಂದರ ಮೂಲೆ ತುಸು ಓರೆ, ಇನ್ನೊಂದರದು ಮೊಂಡು. ಪಿನ್ನನ್ನೂ ಮರೆಮಾಚುವುದಿಲ್ಲ. ಕೆಂಪಿನ ಮೇಲೆ ಬೆಳ್ಳಗೆ ಹೊಳೆಯುವ ಆ ಗೆರೆ ನನಗೆ ಬಲು ಇಷ್ಟ.

ಮೊದಲು ಬಡತನದ ವಿರುದ್ಧ ಹೋರಾಡುವವರು 2004ರಲ್ಲಿ ಧರಿಸಿದ್ದ ಚೌಕವಿದು. ಮರುವರ್ಷದ ಮುಷ್ಕರದಲ್ಲಿ ವಿದ್ಯಾರ್ಥಿಗಳು ತಮ್ಮದಾಗಿಸಿಕೊಂಡರು. 2012ರ ಚಳವಳಿಯ ಬೆನ್ನಿಗೆ, ಆ ವರ್ಷದ ಸೆಪ್ಟೆಂಬರ್ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. ಹೊಸದಾಗಿ ಬಂದವರು ಆ ಶುಲ್ಕ ಏರಿಕೆಯನ್ನು ರದ್ದು ಮಾಡಿದರು.