ಸಿಗಾರ್ ಕಟ್ಟರ್: ಎರಡು ಮಿಲಿಮೀಟರಿನ ರಸಿಕತೆ

ಸಿಗಾರ್ ಅಂಗಡಿಗೆ ಹೊಸದಾಗಿ ಹೋದವರು ಹವಾನಾವೋ ನಿಕರಾಗುವಾವೋ ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ದುಡ್ಡು ಕೊಡುವಾಗ ಕೌಂಟರಿನ ಮೇಲಿದ್ದ ಯಾವುದೋ ಪ್ಲಾಸ್ಟಿಕ್ ಕಟ್ಟರನ್ನು ಜೇಬಿಗಿಳಿಸಿ ಬರುತ್ತಾರೆ. ನನ್ನ ಪ್ರಕಾರ ಇದು ಉಲ್ಟಾ. ಸಿಗಾರ್ ಒಂದು ಸಂಜೆಗೆ ಮುಗಿಯಿತು. ಕಟ್ಟರ್ ವರ್ಷಾನುಗಟ್ಟಲೆ ಜೊತೆಗಿರುತ್ತದೆ, ಅದು ಕೆಟ್ಟದಾದರೆ ಎಂಥ ದುಬಾರಿ ಎಲೆಯೂ ಕಡ್ಡಿ ಗೀರುವ ಮೊದಲೇ ಹಾಳು.

ಕತ್ತರಿಸಬೇಕಾದದ್ದು ಏನೆಂದು ಮೊದಲು ತಿಳಿಯಬೇಕು. ಕ್ಯೂಬಾದ ಕಾರ್ಖಾನೆಗಳಲ್ಲಿ ಸಿಗಾರ್ ಸುತ್ತುವವರ ಕೈಯಲ್ಲಿ ಹಿಡಿಯಿಲ್ಲದ, ಅರ್ಧಚಂದ್ರಾಕಾರದ ಅಲಗೊಂದಿರುತ್ತದೆ. ಅದಕ್ಕೆ ಚಾವೇಟಾ ಎನ್ನುತ್ತಾರೆ. ಒಳಗಿನ ಎಲೆಗಳನ್ನೂ ಅವನ್ನು ಬಿಗಿಯುವ ಎಲೆಯನ್ನೂ ಸುತ್ತಿ, ಮೇಲೆ ನಯವಾದ ಹೊದಿಕೆ ಎಲೆ ಹೊದಿಸಿದ ಮೇಲೆ, ಬಾಯಿಗಿಡುವ ತುದಿಗೆ ಎಲೆಯ ಚೂರನ್ನು ಸಸ್ಯಜನ್ಯ ಅಂಟಿನಿಂದ ಮೆತ್ತುತ್ತಾರೆ. ಅದೇ ಕ್ಯಾಪ್. ಹೊದಿಕೆ ಬಿಚ್ಚಿಕೊಳ್ಳದಂತೆ ಹಿಡಿದಿರುವುದು ಅದೊಂದೇ. ಬೆಳಕಿಗೆ ಹಿಡಿದು ತಿರುಗಿಸಿದರೆ ಕ್ಯಾಪ್ ಮುಗಿಯುವಲ್ಲಿ ತೆಳ್ಳಗಿನ ಗೆರೆ ಕಾಣುತ್ತದೆ. ಅಲಗು ಆ ಗೆರೆಯನ್ನು ಮುಟ್ಟಬಾರದು. ತುದಿಯಿಂದ ಸುಮಾರು 2 ಮಿ.ಮೀ. ತೆಗೆದರೆ ಸಾಕು. ಗೆರೆ ದಾಟಿದಿರೋ, ಸೇದುತ್ತಿದ್ದಂತೆ ಹೊದಿಕೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡು ತುಟಿಗೆ ಅಂಟುತ್ತದೆ. ತಿರುಚಿನಾಪಳ್ಳಿಯ ಚುಟ್ಟಾ ಸೇದುತ್ತಿದ್ದ ಹಿರಿಯರಿಗೆ ಈ ರಗಳೆಯೇ ಇರಲಿಲ್ಲ, ಅದು ಎರಡೂ ಕಡೆ ತೆರೆದೇ ಬರುತ್ತಿತ್ತು.

ಕಟ್ಟರನ್ನು ಕಂಡಾಗ ನಮ್ಮವರಿಗೆ ಅಡಕತ್ತರಿ ನೆನಪಾಗುವುದು ಸಹಜ. ಅಡಕತ್ತರಿಯಲ್ಲಿ ಅಲಗಿರುವುದು ಮೇಲಿನ ತೋಳಿಗೆ ಮಾತ್ರ. ಅದು ಗಟ್ಟಿ ಅಡಿಕೆಯನ್ನು ಒಂದೇ ಕಡೆಯಿಂದ ಒತ್ತಿ ಸೀಳುತ್ತದೆ. ಒಂಟಿ ಅಲಗಿನ ಅಗ್ಗದ ಸಿಗಾರ್ ಕಟ್ಟರ್ ಮಾಡುವುದೂ ಅದನ್ನೇ, ಆದರೆ ಇಲ್ಲಿರುವುದು ಮೆತ್ತನೆಯ ಎಲೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಹರಿಯುತ್ತದೆ. ಹಾಗಾಗಿ ಎರಡು ಅಲಗಿನದನ್ನೇ ಕೊಳ್ಳಿ. ಕ್ಯಾನ್ಸಸ್ ಸಿಟಿಯಲ್ಲಿ 1996ರಲ್ಲಿ ಶುರುವಾದ ಝೈಕಾರ್ ಕಂಪನಿಯ ಹನಿಯಾಕಾರದ ಕಟ್ಟರ್ ಈ ಜಾತಿಯಲ್ಲಿ ಹೆಸರುವಾಸಿ: ಸ್ಪ್ರಿಂಗಿನ ಬಲಕ್ಕೆ ರೆಕ್ಕೆಗಳು ತೆರೆದುಕೊಳ್ಳುತ್ತವೆ, ಅಂಗೈಯಲ್ಲಿಟ್ಟು ಹಿಂಡಿದರೆ ಎರಡೂ ಅಲಗು ಒಟ್ಟಿಗೇ ನಡುವೆ ಬಂದು ದಾಟುತ್ತವೆ.

ಪರೀಕ್ಷೆ ಅಂಗಡಿಯಲ್ಲೇ ಆಗಲಿ. ಖಾಲಿ ಕಟ್ಟರನ್ನು ನಿಧಾನವಾಗಿ ಮುಚ್ಚಿ. ಅಲಗುಗಳು ಒಂದನ್ನೊಂದು ಸವರಿಕೊಂಡೇ ಸರಿಯಬೇಕು, ನಡುವೆ ಬೆಳಕು ತೂರಬಾರದು. ಬೆರಳಲ್ಲಿ ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಅಲ್ಲೇ ಬಿಟ್ಟುಬನ್ನಿ, ಮೇಲೆ ಎಷ್ಟೇ ಮಿರುಗಲಿ. ಆಮೇಲೆ ತೂತಿನ ಅಳತೆ. ಸಿಗಾರಿನ ದಪ್ಪವನ್ನು ಅಂಗುಲದ 64ನೇ ಭಾಗಗಳಲ್ಲಿ, ಅಂದರೆ ರಿಂಗ್ ಲೆಕ್ಕದಲ್ಲಿ, ಹೇಳುತ್ತಾರೆ. 50 ರಿಂಗ್ ಎಂದರೆ ಹೆಚ್ಚುಕಡಿಮೆ 20 ಮಿ.ಮೀ., 60 ಎಂದರೆ 24ರ ಹತ್ತಿರ. ಈಗಿನ ಮಂದಿ ಡೊಣ್ಣೆ ಗಾತ್ರದವನ್ನೇ ಮೆಚ್ಚುವುದರಿಂದ ಇದನ್ನು ಕೇಳಿಯೇ ಕೊಳ್ಳಬೇಕು.

ಕತ್ತರಿಸುವ ವಿದ್ಯೆಗೆ ಅಂಥ ಗುಟ್ಟೇನಿಲ್ಲ. ತೆರೆದ ಕಟ್ಟರನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ, ಸಿಗಾರಿನ ತಲೆಯನ್ನು ತೂತಿನೊಳಗೆ ಮೇಜಿಗೆ ತಾಗುವವರೆಗೆ ನೇರ ಇಳಿಸಿ. ಕಟ್ಟರಿನ ದಪ್ಪವೇ ಅಳತೆಗೋಲಾಗಿ, ಬೇಕೆಂದರೂ ಹೆಚ್ಚು ಕತ್ತರಿಸಲಾಗದು. ಅಲಗು ಎಲೆಗೆ ತಾಗುವವರೆಗೆ ಮೆಲ್ಲಗೆ, ತಾಗಿದ ಮೇಲೆ ಒಂದೇ ಸಲಕ್ಕೆ ಚಕ್ಕನೆ. ಅರ್ಧಕ್ಕೆ ಅನುಮಾನಿಸಿ ನಿಂತರೆ ಅಂಚು ಜಜ್ಜಿಹೋಗುತ್ತದೆ. ಬಿದ್ದ ಚೂರನ್ನು ಎಸೆಯುವ ಮೊದಲು ನೋಡಿ: ಸಣ್ಣ ಬಿಲ್ಲೆಯಾಗಿ ಇಡಿಯಾಗಿ ಬಂದಿದ್ದರೆ ಅಲಗು ಹರಿತವಾಗಿದೆ, ನಾರುನಾರಾಗಿದ್ದರೆ, ಅಥವಾ ಕತ್ತರಿಸುವಾಗ ಸಿಗಾರಿನ ತಲೆ ಅಪ್ಪಚ್ಚಿಯಾಗಿದ್ದರೆ ಮೊಂಡು. ಆದರೆ ಎಲ್ಲ ತಪ್ಪನ್ನೂ ಅಲಗಿನ ತಲೆಗೆ ಕಟ್ಟಬೇಡಿ. ಬೆಂಗಳೂರಿನ ಮಾರ್ಚಿ ತಿಂಗಳ ಒಣಹವೆಯಲ್ಲಿ ಬಿಡಿಯಾಗಿ ಇಟ್ಟ ಸಿಗಾರ್ ಯಾವ ಕಟ್ಟರಿಗೂ ಬಿರಿಯುತ್ತದೆ, ಅದಕ್ಕೆ ಶೇ. 65ರಿಂದ 70ರ ತೇವ ಬೇಕು. ಕತ್ತರಿಸಿದ ಮೇಲೆ ಬೆಂಕಿಯಿಲ್ಲದೆ ಒಮ್ಮೆ ಎಳೆದು ನೋಡಿ. ಗಾಳಿ ಸಲೀಸಾಗಿ ಬಂದು, ಒಣಹುಲ್ಲಿನದೋ ಕೋಕೋದ್ದೋ ತೆಳು ರುಚಿ ನಾಲಿಗೆಗೆ ತಾಗಿದರೆ ಕಟ್ಟರ್ ಪಾಸು.

ಚರ್ಚಿಲ್ ಮಹಾಶಯ 1895ರಲ್ಲಿ ಕ್ಯೂಬಾ ನೋಡಿ, ಮರುವರ್ಷ ಬೆಂಗಳೂರಿನ ದಂಡಿಗೆ ಬಂದು, ಇಲ್ಲಿನ ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದವರು. ಅವರು ಕಟ್ಟರಿನ ಗೊಡವೆಗೇ ಹೋಗದೆ ಉದ್ದನೆಯ ಬೆಂಕಿಕಡ್ಡಿಯಿಂದ ತುದಿಗೆ ತೂತು ಕೊರೆಯುತ್ತಿದ್ದರಂತೆ. ಕಡ್ಡಿ ಎಲೆಯನ್ನು ಒಳಕ್ಕೆ ನೂಕುತ್ತದೆ. ಕೀಚೈನಿಗೆ ಸಿಕ್ಕಿಸುವ ಪಂಚ್ ಕಟ್ಟರ್ ಅದನ್ನು ದುಂಡಗೆ ಕೊಯ್ದು ಹೊರಕ್ಕೆ ತೆಗೆಯುತ್ತದೆ, ತಂಬಾಕಿನ ಪುಡಿ ಬಾಯಿಗೆ ಬರುವುದೂ ಕಡಿಮೆ. ವಿ ಆಕಾರದ ಕಚ್ಚು ಕೊಯ್ಯುವ ಕಟ್ಟರೂ ಇದೆ. ಅದರ ಭಕ್ತರು ಬೇರೆಯೇ. ಹೊಗೆ ದಟ್ಟವಾಗುತ್ತದೆ ಎನ್ನುತ್ತಾರೆ. ನನಗೇನೋ ಅದರ ಮೋಹ ಹತ್ತಲಿಲ್ಲ. (ಹೊಗೆಯನ್ನು ಎದೆಗೆ ಎಳೆಯುವುದಿಲ್ಲವಲ್ಲ ಎಂಬ ಸಮಾಧಾನ ಬೇಡ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಿಗಾರೂ ಕಾರಣವೇ.)

ಪಂಚ್ ಸೋಲುವುದು ಟಾರ್ಪೀಡೋ ಸಿಗಾರಿನ ಮುಂದೆ. ಅದರ ತಲೆ ಚೂಪು, ಪಂಚ್ ಕೂರಲು ಜಾಗವೇ ಇಲ್ಲ. ಅಲ್ಲಿ ಮತ್ತೆ ಎರಡಲಗಿನ ಕಟ್ಟರೇ ಬೇಕು. ಮೊದಲಿಗೆ ಚೂಪಿನ ತುದಿಯನ್ನಷ್ಟೇ ತೆಗೆದು ಸೇದಲು ಶುರುಮಾಡಿ. ಅರ್ಧ ದಾರಿಯಲ್ಲಿ ತುದಿಗೆ ಜಿಡ್ಡು ಕಟ್ಟಿ ಕಹಿ ಏರಿದಾಗ ಇನ್ನೊಂದು ತೆಳು ಬಿಲ್ಲೆ ತೆಗೆಯಿರಿ, ರುಚಿ ಮತ್ತೆ ತಿಳಿಯಾಗುತ್ತದೆ. ಆ ಜಿಡ್ಡು ಅಲಗಿಗೂ ಹತ್ತಿರುತ್ತದೆ. ಜೇಬಿಗೆ ಹಾಕುವ ಮುನ್ನ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ.