ಕಲ್ನಾರಿನ ಧೂಳು, ಕಡತದ ಮೌನ

ಬಚ್ಚಲಿಗೋ ಕೊಟ್ಟಿಗೆಗೋ ಹೊದಿಸುವ ಸಿಮೆಂಟ್ ಶೀಟನ್ನು ನೀವೆಲ್ಲರೂ ಬಲ್ಲಿರಿ. ಅದರಲ್ಲಿ ಬೆರೆಸುವ ನಾರಿಗೆ ಕನ್ನಡದಲ್ಲಿ ಕಲ್ನಾರು ಎಂಬ ಸೊಗಸಾದ ಹೆಸರಿದೆ. ಪೇಟೆಯಲ್ಲಿ ಅದು ಆಸ್ಬೆಸ್ಟಾಸ್. ಈ ನಾರನ್ನು ನೂತು, ನೇಯ್ದು, ಮಾರಿ ಬೆಳೆದ ಬ್ರಿಟಿಷ್ ಕಂಪೆನಿ ಟರ್ನರ್ ಅಂಡ್ ನ್ಯೂವಾಲ್. ಅದರ ಚರಿತ್ರೆಯನ್ನು ಇತಿಹಾಸಕಾರ ಜೆಫ್ರಿ ಟ್ವೀಡೇಲ್ ‘ಮ್ಯಾಜಿಕ್ ಮಿನರಲ್ ಟು ಕಿಲ್ಲರ್ ಡಸ್ಟ್’ (2000) ಎಂಬ ಗ್ರಂಥದಲ್ಲಿ ಬರೆದಿದ್ದಾರೆ.

ಆ ಕಾಲದಲ್ಲಿ ಯಾರಿಗೂ ಅಪಾಯ ತಿಳಿದಿರಲಿಲ್ಲ ಎಂಬ ಸಮಾಧಾನದ ಮಾತನ್ನು ಈ ಗ್ರಂಥ ಉಳಿಯಗೊಡುವುದಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಈ ಕಂಪೆನಿಯ ಮೂಲಸಂಸ್ಥೆಯಾದ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕೆರ್ಷಾ ಎಂಬಾಕೆ 1922ರಲ್ಲಿ ಉಸಿರು ಸಾಲದೆ ಕೆಲಸ ಬಿಟ್ಟಳು. ಇದು ಕೆಲಸದಿಂದ ಬಂದ ಕಾಯಿಲೆ, ಆದ್ದರಿಂದ ಹಣ ಕೊಡಲಾಗದು ಎಂದರು ಆರೋಗ್ಯವಿಮೆಯವರು. ಅಂಥ ಕಾಯಿಲೆಯೇ ಕಾನೂನಿನ ಪಟ್ಟಿಯಲ್ಲಿಲ್ಲ ಎಂದರು ಮಾಲೀಕರು. ಎರಡು ಬಾಗಿಲುಗಳ ನಡುವೆ ನಿಂತ ಆಕೆ 1924ರಲ್ಲಿ, 33ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಶವಸಂಸ್ಕಾರದ ಖರ್ಚಿಗೂ ಕಂಪೆನಿ ಕಾಸು ಬಿಚ್ಚಲಿಲ್ಲ. ಕೊಟ್ಟರೆ ಹೊಣೆ ಒಪ್ಪಿಕೊಂಡಂತಾಗುತ್ತದೆ, ಮುಂದಿನವರಿಗೂ ಕೊಡಬೇಕಾಗುತ್ತದೆ ಎಂಬುದು ಅದರ ಲೆಕ್ಕ. ಅಜ್ಞಾನಿಯಾದವನು ಇಷ್ಟು ಜಾಗರೂಕನಾಗಿರಲಾರನು!

ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ಡಾ. ಕುಕ್ ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ವಿಷಯ ಪ್ರಕಟಿಸಿದರು. 1930ರ ಸರಕಾರಿ ವರದಿ, ಪರೀಕ್ಷಿಸಿದ 363 ಕಾರ್ಮಿಕರಲ್ಲಿ ಸುಮಾರು ನಾಲ್ವರಿಗೊಬ್ಬರ ಶ್ವಾಸಕೋಶ ಗಡುಸಾಗಿರುವುದನ್ನು ಕಂಡಿತು. ಮರುವರ್ಷ ಬಂದ ನಿಯಮಗಳು ಕಾರ್ಖಾನೆಯ ಕೆಲವು ವಿಭಾಗಗಳಿಗೆ ಮಾತ್ರ ಅನ್ವಯಿಸಿದವು. ಹಡಗುಗಳಲ್ಲಿ ಕೊಳವೆಗಳಿಗೆ ಕಲ್ನಾರು ಸುತ್ತುತ್ತಿದ್ದವರು ಹೊರಗೇ ಉಳಿದರು. ರಾಚ್‌ಡೇಲ್ ಕಾರ್ಮಿಕರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ರಿಚರ್ಡ್ ಡಾಲ್ ಕಂಡುಕೊಂಡಾಗ, ಕಂಪೆನಿ ಆ ಲೇಖನವನ್ನೇ ತಡೆಯಲೆತ್ನಿಸಿತು. 1955ರಲ್ಲಿ ಅದು ಅಚ್ಚಾಯಿತು.

ಇಷ್ಟೆಲ್ಲ ಒಳಗುಟ್ಟು ಲೇಖಕರ ಕೈಗೆ ಸಿಕ್ಕಿದ್ದು ಹೇಗೆ? ನ್ಯೂಯಾರ್ಕಿನ ಚೇಸ್ ಮ್ಯಾನ್‌ಹಾಟನ್ ಬ್ಯಾಂಕು ತನ್ನ ಗಗನಚುಂಬಿಗೆ ಬಳಿದಿದ್ದ ಕಲ್ನಾರಿನ ಸಲುವಾಗಿ ಈ ಕಂಪೆನಿಯ ಮೇಲೆ ದಾವೆ ಹೂಡಿತು. ದಾವೆ 1995ರಲ್ಲಿ ಬಿದ್ದುಹೋಯಿತು. ಆದರೆ ಅದಕ್ಕಾಗಿ ತೆರೆದ ಕಂಪೆನಿಯ ಕಡತಗಳು ಮತ್ತೆ ಮುಚ್ಚಿಕೊಳ್ಳಲಿಲ್ಲ. ಓದುಗರೇ, ಇದನ್ನು ಗಮನಿಸಿರಿ: ಎಷ್ಟೋ ಜನರ ಎದೆಗೂಡು ತೆರೆಯಲಾರದ ಕಪಾಟನ್ನು ಒಂದು ಬ್ಯಾಂಕಿನ ಕಟ್ಟಡ ತೆರೆಯಿತು. ಗ್ರಂಥದ ಬಲ ಈ ಕಡತಗಳಲ್ಲಿದೆ, ಕೊರತೆಯೂ ಅಲ್ಲಿಯೇ. ಕಾರ್ಮಿಕರು ಬಹುಮಟ್ಟಿಗೆ ಕಂಪೆನಿಯ ಪತ್ರಗಳಲ್ಲಿ ‘ಪ್ರಕರಣ’ಗಳಾಗಿ ಸುಳಿದು ಹೋಗುತ್ತಾರೆ, ಅವರ ಮನೆಯ ದನಿಗೆ ಕಿವಿಗೊಡಲು ನಾವೇ ಸಾಲುಗಳ ನಡುವೆ ತಡಕಬೇಕು. ಲೇಖಕರು ಎಲ್ಲಿಯೂ ಕೂಗಾಡದಿರುವುದು ಮಾತ್ರ ನನಗೆ ಮೆಚ್ಚುಗೆಯಾಯಿತು. ಪತ್ರಗಳ ಸಭ್ಯ ಭಾಷೆಯೇ ಸಾಕಷ್ಟು ಭಯಾನಕವಾಗಿದೆ.

ಇದು ದೂರದೇಶದ ಕತೆಯಲ್ಲ. ಮುಂಬಯಿಯ ಘಾಟ್ಕೋಪರ್‌ನಲ್ಲಿದ್ದ ಹಿಂದುಸ್ತಾನ್ ಫೆರೊಡೊ ಕಾರ್ಖಾನೆ ಇದೇ ಕಂಪೆನಿಯ ಕೂಸು. ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು. ನಮ್ಮ ದೇಶ ಅದನ್ನು ಇಂದಿಗೂ ತರಿಸಿಕೊಂಡು ಶೀಟು ಮಾಡುತ್ತಿದೆ. ಧೂಳು ಹೊಕ್ಕ ಹತ್ತಾರು ವರ್ಷಗಳ ಬಳಿಕ ರೋಗ ತಲೆಯೆತ್ತುವುದರಿಂದಲೇ, ಕಲ್ನಾರು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಕಾದಿಡಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಆದೇಶಿಸಿತು. ನಿಮ್ಮ ಕುಟುಂಬದಲ್ಲಿ ಯಾರಾದರೂ ಅಂಥ ಕಾರ್ಖಾನೆಯಲ್ಲಿ ದುಡಿದಿದ್ದರೆ, ಆ ಕಡತ ಎಲ್ಲಿದೆಯೆಂದು ಕೇಳಿ ನೋಡಿ.