ಮನಸ್ಸಾಕ್ಷಿಯ ಬೆಲೆಯನ್ನು ತೆರುವವರು ಯಾರು?

ಬೆಂಗಳೂರಿನ ಹೊಸೂರು ರಸ್ತೆಯ ವೃದ್ಧಾಶ್ರಮದಿಂದಾಗಿ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಧರ್ಮಭಗಿನಿಯರು ನಮಗೆ ಅಪರಿಚಿತರಲ್ಲ. ಅಮೆರಿಕದಲ್ಲಿ ಇದೇ ಸಭೆಯ ಭಗಿನಿಯರು ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆಯಬೇಕಾಯಿತು. ಉದ್ಯೋಗದಾತರು ನೌಕರರಿಗೆ ಕೊಡಿಸುವ ಆರೋಗ್ಯ ವಿಮೆಯು ಗರ್ಭನಿರೋಧಕಗಳನ್ನೂ ಒಳಗೊಳ್ಳಬೇಕೆಂಬ ನಿಯಮ 2010ರ ಆರೋಗ್ಯ ಕಾಯ್ದೆಯ ಫಲವಾಗಿ ಅಲ್ಲಿ ಜಾರಿಗೆ ಬಂದಿತ್ತು. ಚರ್ಚುಗಳಿಗೆ ಪೂರ್ಣ ವಿನಾಯಿತಿ ದೊರೆಯಿತು. ಧಾರ್ಮಿಕ ಸೇವಾಸಂಸ್ಥೆಗಳಿಗೆ ದೊರೆತದ್ದು ಬದಲಿ ವ್ಯವಸ್ಥೆ ಮಾತ್ರ: ಅವು ತಮ್ಮ ಆಕ್ಷೇಪಣೆಯನ್ನು ಬರೆದುಕೊಟ್ಟರೆ ವಿಮಾ ಕಂಪನಿಯೇ ವೆಚ್ಚ ಭರಿಸುವುದು. ಆ ಪತ್ರಕ್ಕೆ ಸಹಿ ಹಾಕುವುದೂ ತಪ್ಪಿನಲ್ಲಿ ಪಾಲುಗೊಂಡಂತೆ ಎಂದರು ಭಗಿನಿಯರು.

ಅವರ ದೃಢತೆಗೆ ತಲೆಬಾಗುತ್ತೇನೆ. ಜಗದ್ಗುರು ಆರನೇ ಪೌಲರು 1968ರ ವಿಶ್ವಪತ್ರದಲ್ಲಿ ಸಾರಿದ ಬೋಧನೆ ಇಂದಿಗೂ ಧರ್ಮಸಭೆಯ ಬೋಧನೆಯೇ. ಆದರೂ ಈ ವ್ಯಾಜ್ಯದಲ್ಲಿ ಒಂದು ಪ್ರಶ್ನೆ ಉತ್ತರವಿಲ್ಲದೆ ಉಳಿದಿದೆ.

2014ರಲ್ಲಿ ‘ಹಾಬಿ ಲಾಬಿ’ ಎಂಬ ಮಳಿಗೆ ಸಮೂಹದ ಒಡೆಯರ ಪರವಾಗಿ ಸುಪ್ರೀಂ ಕೋರ್ಟ್ 5–4 ಬಹುಮತದ ತೀರ್ಪಿತ್ತಾಗ, ಬದಲಿ ವ್ಯವಸ್ಥೆ ಇರುವುದರಿಂದ ಮಹಿಳೆಯರಿಗೆ ನಷ್ಟವಾಗದೆಂಬುದು ಅದರ ಮುಖ್ಯ ಆಧಾರಗಳಲ್ಲೊಂದಾಗಿತ್ತು. ಟ್ರಂಪ್ ಸರ್ಕಾರದ 2017–18ರ ನಿಯಮಗಳು ಆ ವ್ಯವಸ್ಥೆಯನ್ನೇ ಐಚ್ಛಿಕಗೊಳಿಸಿದವು. 70,500ರಿಂದ 1,26,400 ಮಹಿಳೆಯರು ಸೌಲಭ್ಯ ಕಳೆದುಕೊಳ್ಳಬಹುದೆಂದು ಆ ಸರ್ಕಾರವೇ ಅಂದಾಜಿಸಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಈ ನಿಯಮಗಳನ್ನು ಊರ್ಜಿತಗೊಳಿಸಿತು. 2025ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯದ ಫೆಡರಲ್ ನ್ಯಾಯಾಲಯ ಅವನ್ನು ರದ್ದುಪಡಿಸಿತು.

ಮನಸ್ಸಾಕ್ಷಿ ಉದ್ಯೋಗದಾತನದು, ಬೆಲೆ ತೆರುವವಳು ಅಡುಗೆಮನೆಯಲ್ಲಿ ದುಡಿಯುವ ಹೆಣ್ಣುಮಗಳು. ಆಕೆ ನಮ್ಮ ವಿಶ್ವಾಸದವಳೇ ಆಗಿರಬೇಕೆಂದಿಲ್ಲ. ಆ ಮಾತ್ರೆಯನ್ನು ಕಾಯಿಲೆಯ ಚಿಕಿತ್ಸೆಗಾಗಿಯೇ ಸೇವಿಸುತ್ತಿರಬಹುದು. ಅಂಥ ಚಿಕಿತ್ಸೆಯನ್ನು ಅದೇ ವಿಶ್ವಪತ್ರ ನಿಷೇಧಿಸುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯವನ್ನು ಎತ್ತಿಹಿಡಿಯುತ್ತಲೇ, ಪರರ ಹಕ್ಕುಗಳನ್ನು ಮರೆಯಬಾರದೆಂದು ಎಚ್ಚರಿಸಿತು.

ಹಾಗಾದರೆ ವಿನಾಯಿತಿ ಬೇಡವೇ? ಬೇಕು. ಆದರೆ ಅದನ್ನು ಕೇಳುವವರು ತಾವೂ ಏನನ್ನಾದರೂ ತೆರಬೇಕು. ಖಾಸಗಿ ನೌಕರರಿಗೆ ಸಂಬಳಸಹಿತ ಹೆರಿಗೆ ರಜೆಯನ್ನು ಅಮೆರಿಕದ ಒಕ್ಕೂಟ ಕಾನೂನು ಇಂದಿಗೂ ಕಡ್ಡಾಯಗೊಳಿಸಿಲ್ಲ. ಜೀವವನ್ನು ಸ್ವಾಗತಿಸಿರೆಂದು ಬೋಧಿಸುವ ಸಂಸ್ಥೆಯು ತಾಯಿಗೆ ರಜೆ, ಮಗುವಿಗೆ ಆರೈಕೆ, ಕುಟುಂಬಕ್ಕೆ ಸಾಲುವಷ್ಟು ಸಂಬಳ ಕೊಟ್ಟರೆ ಅದರ ಮಾತಿಗೆ ತೂಕ ಬರುತ್ತದೆ.

ಅರೌನನು ಕಣವನ್ನೂ ಎತ್ತುಗಳನ್ನೂ ಉಚಿತವಾಗಿ ನೀಡಲು ಬಂದಾಗ ಅರಸ ದಾವೀದನು ಒಪ್ಪಲಿಲ್ಲ. ಬೆಲೆ ತೆತ್ತೇ ಬಲಿ ಅರ್ಪಿಸಿದನು. ಬೇರೊಬ್ಬರ ಕೈಯಿಂದ ಬೆಲೆ ಕೊಡಿಸಿ ನಾವು ಅರ್ಪಿಸುವ ಬಲಿಯನ್ನು ದೇವರು ಮೆಚ್ಚಿಯಾರೇ?